ಬಸುರಿ ಮಗಳಿಗೆ ಹೇಳಬಾರದ ಸುದ್ದಿ

ಸ್ವಲ್ಪ ಹತ್ತರ ಸರೀರಿ. ಇನ್ನಾ ಸ್ವಲ್ಪ. ನಾ ಈಗ ಹೇಳೂದು ನಿಮ್ಮ ಹೊಟ್ಯಾಗ ಇರಲಿ. ನಿಮ್ಮ ಯಜಮಾನರ ಮುಂದೂ ಹೇಳಬ್ಯಾಡ್ರಿ, ಗಂಡಸರ ಬಾಯಾಗ ಮಾತು ನಿಲ್ಲಂಗಿಲ್ಲ. ನಾ ಸಣ್ಣ ದನಿಲೆ ಹೇಳತೀನಿ. ನನ್ನ ಸಣ್ಣ ದನಿ ನಮ್ಮ ಓಣಿ ದಾಟಂಗಿಲ್ಲ. ದೊಡ್ಡ ದನಿ ತಗದ್ರ ಕುಷ್ಟಗಿ ಬಸ್ ಸ್ಟ್ಯಾಂಡಿನಾಗ ಕಂಡಕ್ಟರ್ ತಿರುಗಿ ನೋಡತಾನ.

ನಮ್ಮ ಮನ್ಯಾಗ ಇಂಥಾವು ನಡದ ಇರತಾವು. ಒಂದು ಮುಚ್ಚಾಕ ಹೋದ್ರ ಎರಡು ಬಿಚ್ಚಿಕೋತಾವು. ಅದರಾಗ ಹೋದ ವರ್ಷ ನಡದದ್ದು ಎಲ್ಲಾಕಿಂತ ದೊಡ್ಡದು.

ನನ್ನ ಮಗಳು ಅಸ್ಸಾಮದಾಗ ಅದಾಳ. ಅಳಿಯ ಮಿಲಿಟರಿಯಾಂವ. ರೈಲಿನ್ಯಾಗ ಕುಂತ್ರ ಮೂರು ದಿನ, ಕುಂಡಿ ಬ್ಯಾನಿ ಬ್ಯಾರೆ. ಹಂಗಾಗಿ ನಮ್ಮದೆಲ್ಲಾ ಫೋನಿನ್ಯಾಗ. ದಿನಾ ಸಂಜಿಮುಂದ ಫೋನ್ ಹಚ್ಚತಾಳ, "ಯವ್ವಾ, ಏನ ಸುದ್ದಿ?" ಅಂತಾಳ. ನಾ "ಏನೈತಿ ಸುದ್ದಿ, ಏನಿಲ್ಲ" ಅಂತೀನಿ. ಅಲ್ಲಿಂದ ಒಂದು ತಾಸು. ಯಾರ ಸೊಸಿ ಅತ್ತಿಗೆ ತಿರುಗಿ ಮಾತಾಡಿದ್ಲು, ಯಾರ ಮಗಗ ಕನ್ಯಾ ಸಿಗವಲ್ದು, ಯಾರು ನೆಗಡಿ ಅಂತ ಹೇಳಿ ದವಾಖಾನ್ಯಾಗ ಯಾರನ್ನ ನೋಡಾಕ ಹೋಗಿದ್ರು, ಎಲ್ಲಾ. ನಾ ಸಾಲಿ ಕಲತದ್ದು ಮೂರನೇತ್ತ. ಆದ್ರ ಈ ಓಣಿ ನನಗ ಬಾಯಿಪಾಠ.

೧. ಎಮ್ಮಿ ಈದ ಸುದ್ದಿ

ಮದುವಿಯಾಗಿ ಒಂಬತ್ತು ವರ್ಷಕ್ಕ ಮಗಳು ಬಸುರಾದ್ಲು. ನಾ ಹುಲಿಗೆಮ್ಮಗ ಹರಕಿ ಹೊತ್ತಿದ್ದೆ. ಬಾಜೂ ಮನಿ ಬೂಬೂ ದರ್ಗಾದಾಗ ಸಕ್ಕರಿ ಓದಿಸಿದ್ಲು. ಈ ಬೂಬೂ ಅಂದ್ರ ನಮ್ಮ ಓಣಿ ಬಳಿಗಾರ್ತಿ. ಬುಟ್ಟಿ ಹೊತ್ತು ಮನಿಮನಿಗೆ ಹೋಗಿ ಬಳಿ ಇಡಸತಾಳ. ಕೈಗೆ ಬಳಿ ಏರಿಸಿಕೊಂತ ಬಾಯಿಂದ ಸುದ್ದಿ ಇಳಿಸಿಕೊಳ್ಳೂದು ಆಕಿ ಕಸಬು. ಮಗಳು ಬಸುರಾದದ್ದು ಹುಲಿಗೆಮ್ಮಂದೋ ದರ್ಗಾದ್ದೋ ಅಂತ ನಾವಿಬ್ರೂ ಇನ್ನಾ ಬಗಿಹರಿಸಿಕೊಂಡಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಐತಿ. ಬಸುರಿ ಹೆಣಮಗಳ ಕಿವಿಗೆ ಕೆಟ್ಟ ಸುದ್ದಿ ಬೀಳಬಾರದು. ಸತ್ತದ್ದು, ಬಿದ್ದದ್ದು, ಜಗಳ, ಜಡ್ಡು ಯಾವುದೂ. ಹೊಟ್ಯಾಗಿನ ಕೂಸು ಕೇಳತೈತಂತ. ನಮ್ಮವ್ವ ನನಗ ಹಂಗ ಹೇಳಿದ್ಲು, ನಾ ನನ್ನ ಸೊಸಿಗೆ ಹೇಳಿದ್ದೆ. ಈಗ ಸೊಸಿ ಅದನ್ನ ನನಗ ತಿರುಗಿ ಹೇಳಿದ್ಲು. "ಅತ್ತಿ, ಇನ್ನ ಒಂಬತ್ತು ತಿಂಗಳು ನಿಮ್ಮ ಬಾಯಿಗೆ ಬೀಗ ನೋಡ್ರಿ" ಅಂದ್ಲು. ಆಕಿ ಅಂಗನವಾಡಿ ಟೀಚರ್, ಹುಡುಗರಿಗೆ ಹೇಳಿದಂಗ ಹೇಳಿದ್ಲು. ಹೇಳೂವಾಗ ಮಾರಿಮ್ಯಾಲ ಇರಬೇಕಾದದ್ದಕ್ಕಿಂತ ಹೆಚ್ಚು ಸಂತೋಷ ಇತ್ತು.

ಅವತ್ತ ಸಂಜಿಗೆ ಫೋನ್ ಬಂತು. ನಾ ಶುರು ಮಾಡಿದೆ. ಎಮ್ಮಿ ಈದೈತಿ. ಮಳಿ ಛಲೋ ಆಗೈತಿ. ಎಲ್ಲಾರೂ ಅರಾಮ ಅದಾರ. ಅಷ್ಟಕ್ಕ ಮುಗೀತು. ಮಗಳು "ಮತ್ತ?" ಅಂದ್ಲು. ನಾ ಓಣಿ ಈ ತುದಿಯಿಂದ ಆ ತುದಿ ತನಕಾ ಮನಸ್ಸಿನಾಗ ಹೋಗಿ ಬಂದೆ, ಬಸುರಿಗೆ ಹೇಳೂವಂಥಾದ್ದು ಒಂದು ಮನ್ಯಾಗೂ ಇದ್ದಿಲ್ಲ. "ಮತ್ತ... ಎಮ್ಮಿ ಈದೈತಿ" ಅಂದೆ.

ಮಗಳು, ವೈನಿಗೆ ಫೋನ್ ಕೊಡು ಅಂದ್ಲು. ಸೊಸಿ ಕಿವಿಗೆ ಹಿಡಕೊಂಡ್ಲು, ಹೂಂ ಹೂಂ ಅಂದ್ಲು, ನಗಾಕ ಹತ್ತಿದ್ಲು. ಏನಂದ್ಲು ಅಂತ ಕೇಳಿದ್ರ, "ಅವ್ವ ಹತ್ತು ನಿಮಿಷ ಆತು, ಯಾರನ್ನೂ ಬೈದಿಲ್ಲ. ಲಗೂನ ದವಾಖಾನಿಗೆ ಕರಕೊಂಡು ಹೋಗ್ರಿ" ಅಂದಿದ್ಲಂತ.

೨. ಡ್ಯಾಮ್ ನೋಡಾಕ ಹೋದ ಮಾವ

ಎರಡು ತಿಂಗಳಾಗೂದ್ರಾಗ ನನ್ನ ತಮ್ಮ ತೀರಿಕೊಂಡ. ಮಗಳಿಗೆ ಅಂವ ಸ್ವಾದರಮಾವ. ಸಣ್ಣಾಕಿದ್ದಾಗ ಹೆಗಲಮ್ಯಾಲ ಹೊತ್ತು ತಿರುಗ್ಯಾನ, ಆಕಿಗೆ ಅಂವನ ಮ್ಯಾಲ ಭಾಳ ಜೀವ. ಹೇಳೂದ ಹೆಂಗ? ಮಣ್ಣು ಕೊಟ್ಟು ಬಂದ ಮರುದಿನ ಫೋನ್ ಮಾಡಿ, ಮಾವ ಹೆಂಗ ಅದಾನ ಅಂತ ತಾನ ಕೇಳಿದ್ಲು.

ನನ್ನ ಬಾಯಾಗ ಏನು ಬಂತೋ ಅದು ಅಂದೆ. ಮುನಿರಾಬಾದಿಗೆ ಹೋಗ್ಯಾನ, ಡ್ಯಾಮ್ ತುಂಬೈತಂತ, ನೋಡಾಕ.

ಮರುದಿನ ಕೇಳಿದ್ಲು, ಮಾವ ಬಂದ್ನ? ಇಲ್ಲ, ಇನ್ನಾ ನೋಡಾಕತ್ಯಾನ ಅಂದೆ. ನಾಕು ದಿನ ಬಿಟ್ಟು ಮತ್ತ ಕೇಳಿದ್ಲು. ನೀರು ಭಾಳ ಐತಿ ಬೇ, ಲಗೂ ಮುಗಿಯಂಗಿಲ್ಲ ಅಂದೆ. ಮುಂದಿನ ವಾರ ಕೇಳಿದ್ಲು. ಎಲ್ಲಾ ಗೇಟ್ ತಗದಾರಂತ, ಒಂದೊಂದ ಗೇಟಿನ ಮುಂದ ನಿಂತು ನೋಡಾಕತ್ಯಾನ ಅಂದೆ. ನಾ ಹೇಳಿಕೊಂತ ಹೋದ್ಹಂಗ ನನಗೂ ಅಂವ ಅಲ್ಲೇ ಧೋತರದ ಚುಂಗು ಹಿಡಕೊಂಡು ನಿಂತಂಗ ಆಗತಿತ್ತು.

ಮೂರು ವಾರ ಆದಮ್ಯಾಲ ಮಗಳು ಅಂದ್ಲು, "ಯವ್ವಾ, ಮಾವನ ಫೋಟೋಕ್ಕ ಹಾರ ಹಾಕಿದ್ದು ಮಾವನ ಮಗನ ವಾಟ್ಸಾಪಿನಾಗ ನಾ ಅವತ್ತ ನೋಡೀನಿ."

ಮತ್ತ ದಿನಾ ಯಾಕ ಕೇಳತಿದ್ದಿ ಅಂದೆ.

"ನೀ ಹೇಳೂವಾಗ ಮಾವ ಖರೇನ ಡ್ಯಾಮಿನ ಮುಂದ ನಿಂತಂಗ ಅನಸತಿತ್ತು. ಅದಕ್ಕ ಕೇಳತಿದ್ದೆ" ಅಂದ್ಲು. ಆಮ್ಯಾಲ, ಈಗರ ಅತ್ತುಬಿಡಲೇನು ಯವ್ವಾ ಅಂದ್ಲು.

ನಾ ಬ್ಯಾಡ ಅಂದೆ. ಬಸುರಿ ಅಳಬಾರದು, ನಿನ್ನ ಪಾಲಿಂದೂ ನಾನ ಅತ್ತು ಮುಗಿಸೀನಿ, ಏನೂ ಉಳಿದಿಲ್ಲ ಅಂದೆ.

ಆಕಿ ಮೂಗು ಒರಸಿಕೊಂಡು, ಮತ್ತೇನೇನು ಮುಚ್ಚಿಟ್ಟಿ ಖರೇ ಹೇಳು ಅಂದ್ಲು. ನಾ ಹುಲಿಗೆಮ್ಮನ ಆಣಿ ಮಾಡಿ ಏನಿಲ್ಲ ಅಂದೆ. ಆ ತಾಯಿ ನನ್ನ ಎಷ್ಟು ಆಣಿ ಹೊಟ್ಯಾಗ ಹಾಕ್ಕೊಂಡಾಳೋ, ಇದನ್ನೂ ಹಾಕ್ಕೊಂಡ್ಲು.

೩. ಬಸ್ ಸ್ಟ್ಯಾಂಡಿನ ಪ್ರಸಾದ

ಮುಚ್ಚಿಟ್ಟದ್ದು ಇತ್ತು. ಇದನ್ನ ಮಾತ್ರ ಖರೇನ ಯಾರ ಮುಂದೂ ಹೇಳಬ್ಯಾಡ್ರಿ.

ನನ್ನ ಕಣ್ಣು ಮಂಜಾಗಿದ್ವು. ಹಗಲಿಗೆ ಹೊಗಿ ತುಂಬಿದಂಗ, ಸಂಜಿಗೆ ಹೊಗಿಗೆ ಹೊಗಿ ಕೂಡಿದಂಗ. ಮನ್ಯಾಗ ಹುಲಿಗೆಮ್ಮನ ಗುಡಿಗೆ ಹುಲಿಗಿಗೆ ಹೋಗಿ ಬರತೀನಿ ಅಂತ ಹೇಳಿ ಒಬ್ಬಾಕಿನ ಬಸ್ ಹತ್ತಿ ಕೊಪ್ಪಳದ ಕಣ್ಣಿನ ದವಾಖಾನಿಗೆ ಹೋದೆ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದ್ರು. ಎರಡರಾಗೂ ಪೊರಿ ಬಂದೈತಿ, ಬಲಗಣ್ಣಿಂದು ಹಣ್ಣಾಗೈತಿ, ತಡಾ ಮಾಡಬ್ಯಾಡ್ರಿ ಅಂದ್ರು. ಆಪರೇಶನ್ ಆದಮ್ಯಾಲ ಒಂದೂವರಿ ತಿಂಗಳು ಹೊಗಿ ಕಡೆ ಹೋಗಬ್ಯಾಡ್ರಿ, ಬಗ್ಗಿ ಕೆಲಸ ಮಾಡಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ ಅಂದ್ರು.

ಹೊಗಿ ಬ್ಯಾಡ, ಬಗ್ಗೂದು ಬ್ಯಾಡ, ಎತ್ತೂದು ಬ್ಯಾಡ ಅಂದ್ರ ಬಾಣಂತನ ಅಂದ್ರ ಮತ್ತೇನ್ರಿ? ನೀರೊಲಿ ಮುಂದ ಬಗ್ಗಿ ಊದಬೇಕು. ಕಾಲು ಚಾಚಿ ಕುಂತು ಕೂಸಿನ್ನ ಕಾಲಮ್ಯಾಲ ಹಾಕ್ಕೊಂಡು ನೀರು ಎರೀಬೇಕು. ಲೋಬಾನದ ಹೊಗಿ ಹಾಕಬೇಕು. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಅದು ನನ್ನ ಹಕ್ಕು. ಆದ್ರ ನನ್ನ ಬೀಗತಿ, ಅಂದ್ರ ಅಳಿಯನ ತಾಯಿ, ಗಂಗಾವತಿಯಾಕಿ. ಕಾಲುವಿ ನೀರು ಕಂಡವರು, ನೆಲ್ಲು ಬೆಳಿಯವರು. ಮನ್ಯಾಗ ಗುಂಡಿ ಒತ್ತಿದ್ರ ಬಿಸಿನೀರು ಬರತಾವು. ಆಕಿ ಆಗಲೇ ಎರಡು ಸಲ ಫೋನಿನ್ಯಾಗ, ನಮ್ಮಲ್ಲೇ ಇಟಗೋತೀವ್ರಿ, ನಿಮಗ ವಯಸ್ಸಾತು ಅಂದಿದ್ಲು. ಆಕಿ ನನಗಿಂತ ಮೂರ ವರ್ಷ ಸಣ್ಣಾಕಿ, ಹೇಳಿಕೊಳ್ಳೂದು ಎಂಟು. ನನ್ನ ಕಣ್ಣಿನ ಸುದ್ದಿ ಆಕಿಗೆ ಗೊತ್ತಾದ್ರ ಮುಗೀತು, ನನ್ನ ಮಗಳು ಗಂಗಾವತ್ಯಾಗ ಹಡೀತಾಳ, ನಾ ಹೋಗಿ ಬೀಗರಂಗ ಚಾ ಕುಡದು ಬರಬೇಕು.

ಅದಕ್ಕ ಬಾಣಂತನ ಮುಗಿಯೂತನಕಾ ಬಾಯಿ ಮುಚಗೊಂಡು ಇರೂದಂತ ಗಟ್ಟಿ ಮಾಡಿದೆ. ತಿರುಗಿ ಬರೂವಾಗ ನೆನಪಾತು, ಹುಲಿಗಿಗೆ ಹೋಗಿ ಬಂದಾಕಿ ಬರಿಗೈಲೆ ಹೆಂಗ ಬರಬೇಕು? ಕೊಪ್ಪಳ ಬಸ್ ಸ್ಟ್ಯಾಂಡಿನಾಗ ಅರ್ಧ ಡಜನ್ ಬಾಳೆಹಣ್ಣು, ಒಂದು ಕುಂಕುಮದ ಚೀಟಿ ತಗೊಂಡು ಬಂದು ಪ್ರಸಾದ ಅಂತ ಕೊಟ್ಟೆ. ಸೊಸಿ ಭಕ್ತಿಲೆ ಎರಡೂ ಕಣ್ಣಿಗೆ ಒತ್ತಿಕೊಂಡು ತಿಂದ್ಲು. ಪೊರಿ ನನ್ನ ಕಣ್ಣಾಗ, ಪ್ರಸಾದ ಆಕಿ ಕಣ್ಣಿಗೆ.

೪. ತಿರುಗಿ ಮಾತಾಡದ ಸೊಸಿ

ಕಣ್ಣು ಇಲ್ಲದ ಸಂಸಾರ ಮಾಡೂದು ಹೆಂಗ ಅಂತ ನನ್ನ ಕೇಳ್ರಿ. ಒಲಿ, ಕಾಳು ತುಂಬೂ ಹಗೇವು, ಮಾಳಗಿ ಮೆಟ್ಟಲಾ ಎಲ್ಲಾ ಎಣಿಕಿ ಮ್ಯಾಲ. ನಡಮನಿಯಿಂದ ನೀರಿನ ಕೊಡಕ್ಕ ಒಂಬತ್ತು ಹೆಜ್ಜಿ. ಯಾರರ ನಡುವ ಕುಂದರೂ ಮಣಿ ಇಟ್ರ ಮಾತ್ರ ಲೆಕ್ಕ ತಪ್ಪಿ ಅವರ ಕುಲದೇವರನ್ನ ನೆನಸತಿದ್ದೆ.

ಒಂದಿನ ಹಿತ್ತಲಕ್ಕ ಹೋದೆ. ಸೊಸಿ ಬೆನ್ನು ಮಾಡಿ ನಿಂತಿದ್ಲು. ಮುಂಜಾನಿಂದ ನನ್ನ ಹೊಟ್ಯಾಗ ಒಂದು ಮಾತು ಕುದಿಯಾಕತ್ತಿತ್ತು, ಪಲ್ಯಾಕ್ಕ ಶೇಂಗಾಪುಡಿ ಹಾಕಿದ್ದಿಲ್ಲ. ಬೈಯಾಕ ಹತ್ತಿದೆ. ಶೇಂಗಾಪುಡಿಯಿಂದ ಶುರುವಾಗಿ, ಆಕಿ ತವರಮನಿ, ಆಕಿ ಮದುವ್ಯಾಗ ಬೀಗರೂಟಕ್ಕ ಹಪ್ಪಳ ಸಾಲದ್ದು, ಎಲ್ಲಾ ತಗದೆ. ಒಂದು ಮಾತಿಗೆ ಎದುರು ಮಾತಿಲ್ಲ. ತಲಿ ಬಾಗಿಸಿ ಕೇಳಿಕೊಂತ ನಿಂತಿದ್ಲು. ನನ್ನ ಮನಸ್ಸು ಕರಗಿತು. ಎಷ್ಟಂದ್ರೂ ಛಲೋ ಹುಡುಗಿ, ಅಂಗನವಾಡಿಯಾಗ ದಣಕೊಂಡು ಬರತೈತಿ ಅಂತ ಬೆನ್ನಮ್ಯಾಲ ಕೈ ಆಡಿಸಿದೆ.

ಕೈ ಹಸಿ ಆತು. ಒಣಹಾಕಿದ ಸೀರಿ ಅದು.

ಹದಿನಾಲ್ಕು ವರ್ಷದ ಸಂಸಾರದಾಗ ಆಕಿ ನನಗ ಎದುರು ಮಾತಾಡದ ದಿನ ಅದೊಂದ.

ಅದ ವಾರ ಮಗಳು ಫೋನಿನ್ಯಾಗ ಮಾರಿ ತೋರಸೂ ಹಂಗ ಮಾಡಿದ್ಲು. ಯವ್ವಾ, ದವಾಖಾನ್ಯಾಗ ಸ್ಕ್ಯಾನ್ ತಗದಾರ, ಕೂಸು ಕಾಣತೈತಿ, ತಡಿ ತೋರಸತೀನಿ ಅಂದ್ಲು. ಫೋನಿನ್ಯಾಗ ಬೂದಿ ಬಣ್ಣದ್ದು ಏನೋ ಉಬ್ಬಿದಂಗ ಕಂಡಿತು. ಕಣ್ಣಾಗ ನೀರು ಬಂತು ನೋಡ್ರಿ. ಮೂಗು ಥೇಟ್ ನಿಮ್ಮಪ್ಪಂದು ಬೇ, ಹಣಿ ಮಾತ್ರ ನಮ್ಮ ತವರವರದು, ಹೆಂಗ ಮುದುಡಿಕೊಂಡು ಮಕ್ಕೊಂಡೈತಿ ನೋಡು ಅಂದೆ.

ಯವ್ವಾ, ಸ್ಕ್ಯಾನ್ ಇನ್ನಾ ಕಪಾಟಿನ್ಯಾಗ ಐತಿ. ಅದು ನಿನ್ನ ಅಳಿಯನ ಮಿಲಿಟರಿ ಕಂಬಳಿ ಅಂದ್ಲು.

ಫೋನಿನ ಗಾಜಿಗೆ ರೊಟ್ಟಿ ಹಿಟ್ಟು ಹತ್ತೈತಿ ಅಂತ ಹೇಳಿ ಇಟ್ಟುಬಿಟ್ಟೆ.

೫. ಬೂಬೂನ ಬೆಳಕಿಂಡಿ

ಇತ್ತ ಬಸುರಿಗೆ ಛಲೋ ಸುದ್ದಿ ಹೇಳೂ ಕೆಲಸ ನಿಂತಿದ್ದಿಲ್ಲ. ಇಲ್ಲದ ಛಲೋ ಸುದ್ದಿ ಎಲ್ಲಿಂದ ತರಬೇಕು? ಕೆಟ್ಟದ್ದನ್ನ ತಿರುವಿ ಹಾಕಿ ಛಲೋ ಮಾಡೂದು ಕಲತೆ.

ಆಗ ಬೂಬೂನ ಸೊಸಿ ಜಗಳಾಡಿ ತವರಮನಿಗೆ ಹೋಗಿದ್ಲು. ಸುಮ್ನ ಅಲ್ಲ, ಹೋಗೂವಾಗ ಮಿಕ್ಸರ್ ಸೈತ ಬಗಲಾಗ ಇಟಗೊಂಡು ಹೋಗಿದ್ಲು. ಇಂಥಾ ಸುದ್ದಿ ವರ್ಷಕ್ಕೊಂದು ಸಿಗೂದಿಲ್ಲ. ನನ್ನ ನಾಲಿಗಿ ಎಷ್ಟು ಕೆರೀತು ಅನ್ನೂದು ನನಗ ಗೊತ್ತು. ಆದ್ರೂ ಮಗಳಿಗೆ ಏನಂದೆ? ನಮ್ಮ ಬೂಬೂನಂಥಾ ಅತ್ತಿ ಸಿಗಬೇಕು ಬೇ, ಸೊಸಿ ದಣದಾಳಂತ ತಾನ ತವರಮನಿಗೆ ಕಳಿಸ್ಯಾಳ, ಅಲ್ಲಿ ತ್ರಾಸ ಆಗಬಾರದಂತ ಮಿಕ್ಸರ್ ಕೊಟ್ಟು ಕಳಿಸ್ಯಾಳ ಅಂದೆ.

ಮರುದಿನ ಮುಂಜಾನಿ ಬೂಬೂ ಬಳಿ ಬುಟ್ಟಿ ಹೊತಗೊಂಡು ಬಂದು ಕಟ್ಟಿಗೆ ಕುಂತ್ಲು. ಮಾರಿಮ್ಯಾಲ ಈದ್ ಚಂದ್ರ ಕಂಡಂಥಾ ಕಳಿ. "ಯಕ್ಕಾ, ನಿನ್ನ ಬಾಯಾಗ ನನ್ನ ಸಲುವಾಗಿ ಒಂದು ಛಲೋ ಮಾತು ಬರಲಿ ಅಂತ ಎಷ್ಟು ವರ್ಷದಿಂದ ಕಾದು ಕುಂತಿದ್ದೆ" ಅಂದ್ಲು.

ಎಲ್ಲಿ ಕುಂತಿದ್ದಿ ಅಂತ ಕೇಳಿದೆ.

"ನಮ್ಮ ಅಡಿಗಿಮನ್ಯಾಗ" ಅಂದ್ಲು.

ನಮ್ಮವು ಹಳೇ ಮಾಳಗಿ ಮನಿ, ಮ್ಯಾಲ ಸಪಾಟ ಮಣ್ಣಿನ ಛತ್ತು. ಗ್ವಾಡಿ ಎರಡು ಮೊಳ ದಪ್ಪ, ಒಳಗ ಫೋನ್ ಹತ್ತಂಗಿಲ್ಲ. ಅದಕ್ಕ ನಾ ದಿನಾ ಮಾಳಗಿ ಏರಿ ಮಾತಾಡತಿದ್ದೆ. ನಮ್ಮ ಮಾಳಗಿಗೂ ಬೂಬೂನ ಮಾಳಗಿಗೂ ನಡುವ ಗ್ವಾಡಿ ಇಲ್ಲ, ಕೂಡೇ ಬಿಟ್ಟಾವು. ಮಾಳಗಿ ಮನಿಗೆ ಬೆಳಕು ಬರಲಿ, ಹೊಗಿ ಹೋಗಲಿ ಅಂತ ಮ್ಯಾಲ ಒಂದು ಬೆಳಕಿಂಡಿ ಬಿಟ್ಟಿರತಾರ. ನಾ ಓಡಿ ಹೋಗಿ ಮಾಳಗಿ ಏರಿ ಕೈಲೆ ಮುಟ್ಟಿ ಮುಟ್ಟಿ ನೋಡಿದೆ. ನಾ ಕುಂದರೂ ಜಾಗಕ್ಕೂ ಆಕಿ ಅಡಿಗಿಮನಿ ಬೆಳಕಿಂಡಿಗೂ ನಡುವ ಒಂದ ಮೊಳ. ನಾ ಒಂಬತ್ತು ವರ್ಷದಿಂದ ಆಕಿ ಸುದ್ದಿನೆಲ್ಲಾ ಆಕಿ ಒಲಿಮ್ಯಾಲ ಇಳೇಬಿಟ್ಟಿದ್ದೆ.

ಅವಾಗ ಒಂದೊಂದ ನೆನಪಾಗಾಕ ಹತ್ತಿದ್ವು. ರಂಜಾನಿಗೆ ಆಕಿ ಕಳಿಸಿದ ಸುರಕುಂಬಾ ಬಟ್ಟಲಾ ನೆಕ್ಕಿ ಕುಡದು, ಮಾಳಗಿ ಏರಿ "ಹಾಲಿಗಿಂತ ನೀರು ಹೆಚ್ಚಿತ್ತು" ಅಂದಿದ್ದೆ. ಮುಂದಿನ ರಂಜಾನಿಗೆ ಹಾಲು ಗಟ್ಟಿ ಬಂದಿತ್ತು. ಅಂತೂ ಬೂಬೂಗ ಬುದ್ಧಿ ಬಂತು ಅಂದಿದ್ದೆ, ಅದನ್ನೂ ಮಾಳಗಿ ಮ್ಯಾಲ. ಮಳಿಗಾಲದಾಗ ಎಲ್ಲಾರೂ ಬೆಳಕಿಂಡಿ ಮ್ಯಾಲ ತಗಡು ಮುಚ್ಚತಾರ. ನಾ ಜಿಟಿಜಿಟಿ ಮಳ್ಯಾಗ ಛತ್ರಿ ಹಿಡಕೊಂಡು ಮಾತಾಡೂವಾಗ ಆಕಿ ತಗಡು ಮಾತ್ರ ಬಾಜೂಕ ಸರದಿರತಿತ್ತು. ಮನ್ಯಾಗ ನೀರು ಬಿದ್ರೂ ಅಡ್ಡಿಯಿಲ್ಲ, ಸುದ್ದಿ ಹೊರಗ ಬೀಳಬಾರದು.

ಒಂದು ಮಾತು ಮಾತ್ರ ಸಮಾಧಾನ. ಕಣ್ಣಿನ ಸುದ್ದಿ ನಾ ಮಾಳಗಿ ಮ್ಯಾಲ ಒಮ್ಮಿನೂ ಆಡಿದ್ದಿಲ್ಲ. ಹಂಗಾಗಿ ಬೂಬೂಗೂ ಗೊತ್ತಿದ್ದಿಲ್ಲ. ಬೂಬೂಗ ಗೊತ್ತಿಲ್ಲ ಅಂದ್ರ ದೇವರಿಗೂ ಗೊತ್ತಿಲ್ಲಂತ ಲೆಕ್ಕ.

೬. ಕುಬಸ

ಏಳನೇ ತಿಂಗಳಿಗೆ ಮಗಳು ಬಂದ್ಲು. ಅಳಿಯ ಬಿಟ್ಟು ಡ್ಯೂಟಿಗೆ ಹೋದ. ತವರವರ ಕುಬಸ ನಮ್ಮ ಮನ್ಯಾಗ ಇಟಗೊಂಡ್ವಿ. ಕುಬಸ ಅಂದ್ರ ಗೊತ್ತಲ್ರಿ, ಬಸುರಿಗೆ ಹಸರು ಸೀರಿ ಉಡಿಸಿ, ಹಸರು ಬಳಿ ಇಡಿಸಿ, ಉಡಿ ತುಂಬಿ ಆರತಿ ಮಾಡೂದು. ಗಂಗಾವತಿ ಬೀಗತಿ ಕಾರು ತಗೊಂಡು ಬಂದಿದ್ಲು. ಬಂದಾಕಿನ ನನ್ನ ಸೊಸಿ ಮುಂದ ಹೇಳಿದ್ಲಂತ, ಕುಬಸ ಮುಗಿಸಿ ಹಂಗ ನಮ್ಮ ಕೂಡ ಕರಕೊಂಡು ಹೋಗತೀವಿ, ಹೆರಿಗಿ ದವಾಖಾನ್ಯಾಗ ಹೆಸರು ಹಚ್ಚಿ ಬಂದೀನಿ ಅಂತ. ಇವತ್ತೊಂದಿನ ತಪ್ಪು ಮಾಡದ ದಾಟಿದ್ರ ಗೆದ್ದೆ ಅಂದಕೊಂಡೆ.

ನಡಮನ್ಯಾಗ ಕುರ್ಚಿಗೆ ಹೂವು ಕಟ್ಟಿ ಮಗಳನ್ನ ಕುಂದರಿಸಿದ್ವಿ. ನಾ ಆರತಿ ತಾಟು, ಉಡಿ ಸಾಮಾನು ತರಾಕ ಒಳಗ ಹೋದೆ. ಅಷ್ಟರಾಗ ಏನಾತು, ಮಗಳಿಗೆ ಬಚ್ಚಲಕ್ಕ ಹೋಗೂದು ಬಂತು, ಬೂಬೂನ ಕೈ ಹಿಡಕೊಂಡು ಎದ್ದು ಹೋದ್ಲು. ಬೀಗತಿಗೆ ಮಣಕಾಲು ಬ್ಯಾನಿ, ಕುರ್ಚಿ ಖಾಲಿ ಐತಿ ಅಂತ ಒಂದು ಗಳಿಗಿ ಕುಂತ್ಲು. ಆಕಿದೂ ಹಸರು ಸೀರಿ. ನಾ ಎಣಿಸಿದ ಹೆಜ್ಜಿ ಎಣಿಸಿಕೊಂತ ಬಂದೆ, ಕುರ್ಚಿ ಸಿಕ್ಕಿತು, ಹಸರು ಕಂಡಿತು.

ಹಣಿಗೆ ಕುಂಕುಮ ಹಚ್ಚಿದೆ. ಉಡಿಯಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿದೆ. ಬೀಗತಿ ಏನೋ ಅನ್ನಾಕ ಬಾಯಿ ತಗದಿರಬೇಕು, ಆ ಬಾಯಾಗ ಸಕ್ಕರಿ ಹಾಕಿದೆ. ಹೊಟ್ಟಿಮ್ಯಾಲ ಕೈಯಿಟ್ಟು, ಯಪ್ಪಾ, ಹೊಟ್ಟಿ ಎಷ್ಟು ಛಲೋ ತುಂಬೈತಿ, ಒಂದಲ್ಲ ಎರಡು ಇದ್ದಂಗೈತಿ ಅಂದೆ. ಮನಿ ಪೂರ್ತಿ ಗಪ್‌ಚಿಪ್ ಆತು. ನಾ ಎಲ್ಲಾರೂ ಭಕ್ತಿಲೆ ಕುಂತಾರಂತ ತಿಳದೆ. ಆಮ್ಯಾಲ ಕಿವಿ ಹತ್ತರ ಬಗ್ಗಿ ಸಣ್ಣ ದನಿಲೆ ಅಂದೆ, "ಆ ಗಂಗಾವತಿ ಮುದುಕಿ ಏನಂದ್ರೂ ಕಿವ್ಯಾಗ ಹಾಕ್ಕೋಬ್ಯಾಡ. ನೀ ಇಲ್ಲೇ ಹಡೀಬೇಕು."

ನನ್ನ ಸಣ್ಣ ದನಿ ಹೆಂಗ ಅಂತ ನಿಮಗ ಹೇಳೀನಿ.

ಅಷ್ಟೊತ್ತಿಗೆ ಬಚ್ಚಲ ಕಡೆಯಿಂದ ಮಗಳ ದನಿ ಬಂತು, "ಯವ್ವಾ, ನಾ ಇಲ್ಲಿ ಅದೀನಿ" ಅಂತ. ತಾಟು ಕೈಯಾಗಿಂದ ಜಾರಿತು. ಮಗಳು ಬಂದು ನನ್ನ ಎದುರಿಗೆ ನಿಂತು, ಎಷ್ಟು ಬೆರಳು ಹೇಳು ಅಂದ್ಲು. ನಾ ಮೂರು ಅಂದೆ.

"ನಾ ಕೈನ ಎತ್ತಿಲ್ಲ ಯವ್ವಾ" ಅಂದ್ಲು.

ಇನ್ನ ಮುಚ್ಚಾಕ ಏನಿತ್ತು? ಕೊಪ್ಪಳದ ದವಾಖಾನಿ, ಡಾಕ್ಟರ್ ಹೇಳಿದ್ದು ಎಲ್ಲಾ ಬಂತು. ಸೊಸಿ, ಹಂಗಾದ್ರ ಆ ಬಾಳೆಹಣ್ಣು ಅಂದ್ಲು. ಆಕಿಗೆ ಸುಮ್ನಿರು ಅಂದೆ.

ಬೀಗತಿ ದೊಡ್ಡ ಮನಸ್ಸಿನಾಕಿ, ಖರೇ ಹೇಳತೀನಿ. ಉಡಿಯಾಗಿನ ಅಕ್ಕಿ ಚೆಲ್ಲದಂಗ ಹಿಡಕೊಂಡು, ಉಡಿ ತುಂಬಿಸಿಕೊಂಡೀನಿ, ನಾ ಹಡದ್ರ ನಿಮ್ಮ ಮನ್ಯಾಗ ಹಡೀತೀನಿ ಬಿಡ್ರಿ ಅಂದ್ಲು. ಎಲ್ಲಾರೂ ನಕ್ಕರು. ಆಮ್ಯಾಲ ಮೆತ್ತಗ, ಆದ್ರ ಈ ಕಣ್ಣು ಇಟಗೊಂಡು ನೀವು ಹೆಂಗ ಕೂಸಿಗೆ ಎರೀತೀರಿ, ನೀವ ಹೇಳ್ರಿ, ನಾ ಕರಕೊಂಡು ಹೋಗತೀನಿ ಅಂದ್ಲು.

ಮಗಳು ನನ್ನ ಕೈ ಹಿಡಕೊಂಡು, ಇಷ್ಟು ದಿನ ಯಾಕ ಆಪರೇಶನ್ ಮಾಡಿಸಲಿಲ್ಲ, ಅದನ್ನರ ಖರೇ ಹೇಳು ಅಂದ್ಲು.

"ಕೆಟ್ರ?" ಅಂದೆ. "ಇದ್ದದ್ದೂ ಹೋದ್ರ? ಒಂಬತ್ತು ವರ್ಷ ಕಾದೀನಿ ಬೇ. ಇದ್ದಷ್ಟು ಕಣ್ಣಾಗ ಕೂಸಿನ ಮಾರಿ ಒಮ್ಮಿ ನೋಡತೀನಿ. ಆಮ್ಯಾಲ ಏನರ ಆಗಲಿ."

ಮಗಳು ಕುರ್ಚಿಗೆ ಹೋಗಿ ಕುಂತು ಬೂಬೂನ ಮುಂದ ಕೈ ಚಾಚಿದ್ಲು. ನಾ ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಹಡೀತೀನಿ, ಆದ್ರ ಸೋಮವಾರ ಯವ್ವನ ಆಪರೇಶನ್ ಅಂದ್ಲು. ಎರಡು ತಿಂಗಳು ಟೈಮ್ ಐತಿ ಅಂದ್ಲು. ನನಗ ಒಂದು ಕಡೆ ಖುಷಿ, ಒಂದು ಕಡೆ ಅಂಜಿಕಿ. ಕೂಸು ಲಗೂನ ಬಂದ್ರ ಏನ ಮಾಡ್ತಿ, ಸೊಸಿ ಅಂಗನವಾಡಿಗೆ ಹೋಗತಾಳ, ನಾ ಬಗ್ಗಂಗಿಲ್ಲ, ಕೂಸಿಗೆ ಎರಿಯವರು ಯಾರು, ನಾನ ಎರೀಬೇಕು, ಆಪರೇಶನ್ ಬ್ಯಾಡ ಅಂತ ಹಟಾ ಹಿಡದೆ.

ಬೂಬೂ ಮಗಳ ಮುಂಗೈ ಒತ್ತಿ ಒತ್ತಿ ಹಸರು ಬಳಿ ಏರಸಾಕತ್ತಿದ್ಲು. ಕಡೀ ಬಳಿ ಏರಿಸಿ, ಕೈ ಒರಸಿಕೊಂಡು, ಎದ್ದು ಬಂದು ನನ್ನ ಮಾರಿಗೆ ಮಾರಿ ಕೊಟ್ಟು ನಿಂತು ಅಂದ್ಲು:

"ನಾ ಎರೀತೀನಿ ಯಕ್ಕಾ. ನೀ ಕಣ್ಣಿಗೆ ಪಟ್ಟಿ ಕಟಗೊಂಡು ಹೊರಸಿನ ಮ್ಯಾಲ ಕುಂತು ನನಗ ಬೈಕೊಂತ ಇರು, ಡಾಕ್ಟರು ಬಾಯಿಗೇನು ಪಟ್ಟಿ ಕಟ್ಟಂಗಿಲ್ಲ. ಆದ್ರ ಈ ಕಣ್ಣಿಟಗೊಂಡು ನೀ ಎರಿಯಾಕ ಹೋಗಬ್ಯಾಡ. ಕೂಸಿನ್ನ ತೊಟ್ಟಲದಾಗ ಬಿಟ್ಟು, ಬೀಗತಿನ ಕಾಲಮ್ಯಾಲ ಹಾಕ್ಕೊಂಡು ಎರದಿ."